ಬಾಲ್ ನೋಡದ ಭಾವ

ನಮ್ಮ ಭಾವ ಹನ್ನೆರಡು ವರ್ಷಗಳಿಂದ ಒಂದೇ ಆಟವನ್ನು ನೋಡುತ್ತಿದ್ದಾರೆ. ಇಂದಿನವರೆಗೂ ಅದರ ಬಾಲನ್ನು ನೋಡಿಲ್ಲ!

ಸುಳ್ಳು ಅನ್ನಿಸಿದರೆ ಯಾವುದಾದರೂ ಶುಕ್ರವಾರ ಬೆಳಗ್ಗೆ ಕತಾರಿನ ಅಲ್ ಖೋರ್‌ನ ಅವರ ಮನೆಗೆ ಹೋಗಿ. ಟೀವಿಯಲ್ಲಿ ಅಮೆರಿಕದವರ ಫುಟ್‌ಬಾಲ್ ಓಡುತ್ತಿರುತ್ತದೆ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿ, "ಯಾರು ಗೆಲ್ತಾ ಇದ್ದಾರೆ?" ಅಂತ. ಆಗ ಅವರು ನಿಮ್ಮನ್ನು ನೋಡುವ ನೋಟವಿದೆಯಲ್ಲ, ಸಂಗೀತ ಕಚೇರಿಯ ನಡುವೆ ಎದ್ದು "ಊಟ ಎಷ್ಟು ಗಂಟೆಗೆ?" ಎಂದವರಿಗೆ ಮಾತ್ರ ಸಿಗುವಂಥದ್ದು. "ಗೆಲ್ಲೋದಾ? ಅದನ್ನ ಫೋನ್‌ನಲ್ಲಿ ನೋಡ್ಕೋಮ್ಮ. ಇಲ್ಲಿ ನೋಡು, ಈ ಎರಡನೇ ದಡಿಯನ ಬಲಗಾಲು ನೋಡು. ಎಂಥಾ ಕಾಲು!"

ಭಾವ ಅಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ರಾಸ್ ಲಫಾನ್‌ನ ಗ್ಯಾಸ್ ಸ್ಥಾವರವೊಂದರಲ್ಲಿ ಇನ್‌ಸ್ಪೆಕ್ಷನ್ ಎಂಜಿನಿಯರ್. ಕಬ್ಬಿಣದ ಏಣಿ ಹಿಡಿದು ಎತ್ತರದ ಗೋಪುರಗಳನ್ನು ಹತ್ತುವುದು, ಪೈಪುಗಳ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಎಂದು ಹುಡುಕುವುದು, ಇದ್ದರೆ ಅದು ಯಾಕೆ ಬಂತು, ಎಲ್ಲಿಂದ ಶುರುವಾಯಿತು ಎಂದು ಉದ್ದನೆಯ ವರದಿ ಬರೆಯುವುದು, ಇದು ಅವರ ಕೆಲಸ. ಇಂಥವರ ಕೈಗೆ ಒಂದು ಆಟ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಸಿಕ್ಕಿದ್ದು ಹೀಗೆ. ಅವರ ಇಲಾಖೆಗೆ ಅಮೆರಿಕದವರೊಬ್ಬರು ಮೇಲಧಿಕಾರಿಯಾಗಿ ಬಂದಿದ್ದರಂತೆ. ಕಾಲೇಜಿನ ದಿನಗಳಲ್ಲಿ ಈ ಆಟದಲ್ಲಿ ಗೋಡೆಯಾಗಿ ನಿಲ್ಲುತ್ತಿದ್ದ ಆಳು. ಕಂಪನಿ ಬಸ್ಸಿನಲ್ಲಿ ಭಾವನ ಪಕ್ಕ ಕೂರುತ್ತಿದ್ದರು. ಕೂತರೆ ಭಾವನಿಗೆ ಅರ್ಧ ಸೀಟು ಮಾತ್ರ ಉಳಿಯುತ್ತಿತ್ತು. ಆ ಅರ್ಧ ಸೀಟಿನಲ್ಲಿ ಕೂತು ಎರಡು ವರ್ಷ ಪಾಠ ಕೇಳಿದರು. ಸಾಹೇಬರು ಊರಿಗೆ ಹೋದರು. ಹುಚ್ಚು ಇಲ್ಲೇ ಉಳಿಯಿತು.

ನಮಗೆ ಪಾಠವಾದದ್ದು ಇಡ್ಲಿಯ ಮೂಲಕ. ನಾನು ಮತ್ತು ನಮ್ಮವರು ಆಗಷ್ಟೇ ಕತಾರಿಗೆ ಬಂದು ದೋಹಾ ಕಡೆಯ ಅಲ್ ಅಜೀಜಿಯಾದಲ್ಲಿ ಮನೆ ಹಿಡಿದಿದ್ದೆವು. ಮೊದಲ ಶುಕ್ರವಾರ ಅಕ್ಕನ ಮನೆಗೆ ತಿಂಡಿಗೆ ಹೋದೆವು. ಭಾವ ಒಂದು ದೊಡ್ಡ ತಟ್ಟೆಯಲ್ಲಿ ಐದು ಇಡ್ಲಿಗಳನ್ನು ಸಾಲಾಗಿ ಇಟ್ಟರು. ಅವುಗಳ ಹಿಂದೆ ಒಂದು ವಡೆ.

"ಈ ವಡೆ ಕ್ವಾರ್ಟರ್‌ಬ್ಯಾಕ್. ಬಾಲ್ ಎಸೆಯೋನು. ಯಾರಿಗೆ ಎಸೀಲಿ ಅಂತ ಎರಡು ಮೂರು ಸೆಕೆಂಡು ದೂರ ನೋಡ್ತಾ ನಿಂತಿರ್ತಾನೆ. ಅಷ್ಟರಲ್ಲಿ ಎದುರಿನೋರು ನುಗ್ಗಿ ಬಂದು ಅವನನ್ನ ಕೆಡವ್ತಾರೆ." ಎರಡು ಚಮಚಗಳು ನುಗ್ಗಿ ಬಂದವು. "ಕೆಡವದ ಹಾಗೆ ತಡೆಯೋರೇ ಈ ಐದು ಜನ. ತಳ್ಳಬಹುದು, ಹಿಡಿದು ಎಳೆಯೋ ಹಾಗಿಲ್ಲ."

"ಇವರಿಗೆ ಬಾಲ್ ಯಾವಾಗ ಸಿಗುತ್ತೆ?" ನಾನು ಕೇಳಿದೆ.

"ಸಿಗಲ್ಲ. ಮಧ್ಯದವನು ಕಾಲ ಸಂದಿಯಿಂದ ಹಿಂದಕ್ಕೆ ಕೊಡ್ತಾನೆ, ಅಷ್ಟೆ. ಮಿಕ್ಕ ನಾಲ್ಕು ಜನ ಇಡೀ ಪಂದ್ಯ ಬಾಲ್ ಮುಟ್ಟೋದೇ ಇಲ್ಲ ಅನ್ನು."

"ಮತ್ತೆ ಯಾಕೆ ಆಡ್ತಾರೆ ಪಾಪ?"

ಭಾವ ಉತ್ತರ ಕೊಡುವಷ್ಟರಲ್ಲಿ ಹಸಿದು ಕೂತಿದ್ದ ನಮ್ಮವರು ಎಡತುದಿಯ ಇಡ್ಲಿಯನ್ನು ಎತ್ತಿ ಚಟ್ನಿಗೆ ಅದ್ದಿ ಬಾಯಿಗಿಟ್ಟರು. ಭಾವ ಎದ್ದೇ ನಿಂತರು! "ಅಯ್ಯಯ್ಯೋ, ಎಡಗಡೆಯವನನ್ನೇ ತಿಂದ್ಬಿಟ್ರಲ್ರೀ! ಅವನೇ ಕಣ್ರೀ ಮುಖ್ಯ. ವಡೆ ಬಲಗೈಯಲ್ಲಿ ಎಸೆಯುತ್ತೆ. ಎಸೆಯೋಕೆ ತಿರುಗಿದಾಗ ಎಡಗಡೆಗೆ ಬೆನ್ನು. ಆ ಕಡೆಯಿಂದ ಯಾರು ಬಂದ್ರೂ ಅವನಿಗೆ ಕಾಣಿಸಲ್ಲ. ಎಡಗಡೆಯವನು ಇದ್ದಾನೆ ಅನ್ನೋ ನಂಬಿಕೆ ಮೇಲೆ ನಿಂತಿರ್ತಾನೆ ಅವನು."

"ಹಾಗಾದ್ರೆ ಬದಲಿ ಆಟಗಾರನ್ನ ಕಳಿಸ್ತೀನಿ ಇರಿ," ಎಂದು ಅಕ್ಕ ಅಡುಗೆಮನೆಯಿಂದ ಇನ್ನೊಂದು ಇಡ್ಲಿ ತಂದಿಟ್ಟಳು. ಈ ಆಟದ ಬಗ್ಗೆ ಅಕ್ಕ ಆಡಿದ ಮಾತು ಅದೊಂದೇ. ಆಮೇಲೆ ವರ್ಷಾನುಗಟ್ಟಲೆ ಅವಳು ಆ ಪರದೆಯ ಕಡೆ ತಲೆ ಎತ್ತಿದ್ದನ್ನು ನಾನು ಕಾಣೆ.

ಅಮೆರಿಕದಲ್ಲಿ ಪಂದ್ಯ ನಡೆಯುವಾಗ ನಮಗಿಲ್ಲಿ ಅಪರಾತ್ರಿ. ಭಾವ ನಿದ್ದೆ ಕೆಡಿಸಿಕೊಳ್ಳುವವರಲ್ಲ. ಗೆದ್ದವರು ಯಾರೆಂದು ಬೇಡದವರಿಗೆ ನೇರ ಪ್ರಸಾರ ಯಾಕೆ ಬೇಕು? ವಾರವೆಲ್ಲ ಕಳೆದು ಶುಕ್ರವಾರ ಬೆಳಗ್ಗೆ ತಿಂಡಿಯಾದ ಮೇಲೆ ರೆಕಾರ್ಡಿಂಗ್ ಹಾಕುತ್ತಾರೆ. ಅದೂ ಎಲ್ಲರೂ ನೋಡುವ ಪ್ರಸಾರವಲ್ಲ. ಆಟಗಾರರ ಬೆನ್ನ ಹಿಂದೆ, ಎತ್ತರದಿಂದ ಹಿಡಿದ ಬೇರೆಯೇ ವಿಡಿಯೋ. ಅದರಲ್ಲಿ ಮುಖ ಕಾಣುವುದಿಲ್ಲ, ಸಂಭ್ರಮ ಕಾಣುವುದಿಲ್ಲ. ಐದು ಅಗಲವಾದ ಬೆನ್ನುಗಳು ಸಾಲಾಗಿ ಕಾಣುತ್ತವೆ. ಆಹಾ, ಏನು ರಮ್ಯ ನೋಟ!

ಪ್ರತಿ ಆಟವನ್ನೂ ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿ, ಒಬ್ಬೊಬ್ಬನಿಗೂ ಪ್ಲಸ್ಸೋ ಮೈನಸ್ಸೋ ತೀರ್ಪು ಕೊಡುತ್ತಾರೆ. ಅದಕ್ಕೆ ಮೈಸೂರಿನಿಂದಲೇ ತರಿಸಿದ ಉದ್ದನೆಯ ಗೆರೆಪುಸ್ತಕ. ಅದನ್ನು ಬರೆಯುವ ಗುಮಾಸ್ತೆ ಕೆಲಸ ಕಾಲಕ್ರಮೇಣ ನನ್ನ ಪಾಲಿಗೆ ಬಂತು. ಅವರು ಹೇಳುವುದು, ನಾನು ಬರೆಯುವುದು. "ಎಡ ಪ್ಲಸ್. ಎರಡನೆಯವನು ಪ್ಲಸ್. ಮಧ್ಯ ಮೈನಸ್. ಮಿಕ್ಕವರು ಪ್ಲಸ್. ಯಲ್ಲಾ, ಮುಂದೆ!" ಆ ಐದು ಜನಕ್ಕೂ, ಅವರ ತರಬೇತುದಾರರಿಗೂ, ಸಾವಿರಾರು ಮೈಲಿ ಆಚೆ ಮರಳುಗಾಡಿನಲ್ಲಿ ಒಬ್ಬ ಮೈಸೂರಿನವರು ತಮ್ಮ ಕಾಲಿಗೆ ಅಂಕ ಹಾಕುತ್ತಿದ್ದಾರೆಂಬ ಸುದ್ದಿಯೇ ಗೊತ್ತಿಲ್ಲ. ಗೊತ್ತಾದರೆ ಅವರಿಗೂ ಸ್ವಲ್ಪ ಭಯ ಇರುತ್ತಿತ್ತು.

ನಗಬೇಡಿ, ಇದು ಸುಲಭದ ವಿದ್ಯೆಯಲ್ಲ. ಒಮ್ಮೆ ಕ್ವಾರ್ಟರ್‌ಬ್ಯಾಕ್ ದೊಪ್ಪನೆ ಬಿದ್ದ. ಎದುರಿನವನು ಬಲತುದಿಯವನನ್ನು ದಾಟಿಕೊಂಡು ಬಂದು ಕೆಡವಿದ್ದು ನನಗೆ ಕಣ್ಣಾರೆ ಕಂಡಿತ್ತು. "ಬಲಗಡೆಯವನು ಮೈನಸ್," ಎಂದು ಬರೆದೇಬಿಟ್ಟೆ.

"ಯಾಕೆ?"

"ಸೋತನಲ್ಲ ಭಾವ!"

"ಕೊನೇಲಿ ಸೋತವನು ಎಲ್ರಿಗೂ ಕಾಣ್ತಾನಮ್ಮ. ಮೊದಲು ತಪ್ಪಿದವನನ್ನ ಹುಡುಕು." ಹಿಂದಕ್ಕೆ ತಿರುಗಿಸಿದರು. ನೋಡಿದರೆ ಬಲತುದಿಯವನ ಪಕ್ಕದವನು ತನ್ನ ಜಾಗ ಬಿಟ್ಟು, ಬೇಡದ ಕಡೆ ಸಹಾಯಕ್ಕೆ ಹೋಗಿದ್ದ. ಪಾಪ, ಬಲತುದಿಯವನಿಗೆ ಇಬ್ಬರು ಗಂಟುಬಿದ್ದಿದ್ದರು. ಇನ್ನೊಂದು ಸಲ ಹಾಗೇ ಬಿದ್ದಾಗ, ನಾನು ಜಾಣತನದಿಂದ ಪಕ್ಕದವನಿಗೆ ಮೈನಸ್ ಹಾಕಿದೆ. ಅದೂ ತಪ್ಪಂತೆ! "ಐದೂ ಜನ ಸರಿಯಾಗಿ ನಿಂತಿದ್ರು. ಬಾಲ್ ಕೈಯಲ್ಲಿ ಇಟ್ಕೊಂಡು ಬಿಡದೆ ನಿಂತವನು ಇವನು. ಎಣಿಸು, ನಾಲ್ಕು ಸೆಕೆಂಡು! ಎಷ್ಟು ಹೊತ್ತೂಂತ ತಡೀತಾರೆ ಅವರು ತಾನೆ? ಮೈನಸ್ ಎಸೆಯೋನಿಗೆ."

ಇದರ ಜತೆಗೆ ಒಂದು ಗುಟ್ಟು. ಒಬ್ಬೊಬ್ಬನ ಹಿಂದೆ ಕಣ್ಣು ಓಡಿಸಬಾರದು. ಮಧ್ಯದವನ ಬೆನ್ನಿನ ಮೇಲೆ ಕಣ್ಣು ನೆಡಬೇಕು, ಅಲ್ಲಿಂದ ಅಲುಗಾಡದೆ ಐದೂ ಜನರನ್ನು ಒಂದೇ ನೋಟದಲ್ಲಿ ಹಿಡಿಯಬೇಕು. ಸಾಹೇಬರು ಕಲಿಸಿದ್ದು. ನನಗೆ ಇದು ಬರಲು ನಾಲ್ಕು ವರ್ಷ ಹಿಡಿಯಿತು. ಭಾವನಿಗೆ ಎರಡನೇ ದಿನವೇ ಬಂತಂತೆ. ಹಾಗೆಂದು ಅವರೇ ಹೇಳಿದ್ದು.

ಈ ಊರಿನಲ್ಲಿ ಫುಟ್‌ಬಾಲ್ ಅಂದರೆ ಕಾಲಿನ ಫುಟ್‌ಬಾಲ್ ತಾನೆ. ವಿಶ್ವಕಪ್ ಇಲ್ಲೇ ನಡೆದ ಮೇಲಂತೂ ಕೇಳುವುದೇ ಬೇಡ. ಭಾವನಿಗೆ ಫುಟ್‌ಬಾಲ್ ಹುಚ್ಚು ಎಂದು ಯಾರಿಂದಲೋ ಕೇಳಿದ ನಮ್ಮವರ ಆಫೀಸಿನ ಮಂಗಳೂರಿನವರೊಬ್ಬರು ಪ್ರೀತಿಯಿಂದ ಒಂದು ಪಂದ್ಯಕ್ಕೆ ಟಿಕೆಟ್ ತಂದುಕೊಟ್ಟರು. ಸ್ಟೇಡಿಯಂ ತುಂಬ ಜನ, ಡೋಲು, ಕೂಗಾಟ. ಎರಡು ಗೋಲಾದವು. ಭಾವ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಟಿಕೆಟ್ ಕೊಟ್ಟವರ ಮುಖ ಸಣ್ಣಗಾಗುತ್ತ ಬಂತು. ಆಮೇಲೆ ಒಂದು ಫ್ರೀ ಕಿಕ್. ಗೋಲಿನ ಮುಂದೆ ನಾಲ್ಕು ಜನ ಸಾಲಾಗಿ, ಹೆಗಲಿಗೆ ಹೆಗಲು ತಾಗಿಸಿ ನಿಂತರು. ಭಾವ ಧಡಕ್ಕನೆ ಎದ್ದು ಚಪ್ಪಾಳೆ ತಟ್ಟಿದರು! "ಹಾಂ! ಇದಪ್ಪಾ ಆಟ! ಈಗ ಶುರುವಾಯ್ತು!" ಬಾಲ್ ಆ ಸಾಲಿನ ತಲೆಯ ಮೇಲೆ ಹಾದುಹೋಯಿತು. ಆ ನಾಲ್ವರು ಚದುರಿದರು. ಭಾವ ಮತ್ತೆ ಕೂತು ಕಡಲೆಕಾಯಿ ಕೈಗೆತ್ತಿಕೊಂಡರು. ಆ ಮಂಗಳೂರಿನವರು ಮತ್ತೆಂದೂ ನಮಗೆ ಟಿಕೆಟ್ ತರಲಿಲ್ಲ.

ಹುಚ್ಚು ಟೀವಿಯೊಳಗೇ ಇದ್ದಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಊಟದಲ್ಲಿ ಕೊನೆಯ ಪಂಕ್ತಿಗೆ ಬಿಸಿಬೇಳೆಭಾತ್ ಸಾಲದೆ ಹೋಯಿತು. ಎಲ್ಲರೂ ಕೊನೆಯಲ್ಲಿ ಬಡಿಸಲು ನಿಂತಿದ್ದ ಮಹಾನುಭಾವರ ಮೇಲೆ ಮುಗಿಬಿದ್ದರು. ಭಾವ ನಡುವೆ ಹೋಗಿ ಕೈ ಅಡ್ಡ ಹಿಡಿದರು. "ನಿಲ್ಲಿ. ರಿವೈಂಡ್ ಮಾಡೋಣ." ಮೊದಲ ಪಂಕ್ತಿಯಿಂದ ವಿಚಾರಣೆ ಶುರುವಾಯಿತು. ಸೌಟು ಯಾರ ಕೈಯಲ್ಲಿತ್ತು, ಸಣ್ಣ ಸೌಟು ಬಿಟ್ಟು ದೊಡ್ಡದನ್ನು ತಂದವರು ಯಾರು, ತಂದಾಗ ಪಕ್ಕದವರು ಯಾಕೆ ಸುಮ್ಮನಿದ್ದರು. ಅರ್ಧ ಗಂಟೆಯ ನಂತರ ತಪ್ಪು ಕೂಟದ ಅಧ್ಯಕ್ಷರ ಮನೆಯವರ ಮೇಲೆ ಬಂದು ನಿಂತಿತು. ಮುಂದಿನ ವರ್ಷದಿಂದ ಭಾವನನ್ನು ಕಾರ್ಯಕಾರಿ ಸಮಿತಿಗೆ ಕರೆದಿಲ್ಲ.

ಮನೆಯಲ್ಲೂ ಅಷ್ಟೆ. ಹಾಲು ಉಕ್ಕಿದರೆ ಅಕ್ಕನಿಗೆ ತಕ್ಷಣ ಮೈನಸ್ ಇಲ್ಲ. ಆ ಹೊತ್ತಿಗೆ ಫೋನ್ ಮಾಡಿದವರು ಯಾರು ಎಂಬುದನ್ನು ನೋಡಬೇಕು. ಫೋನ್ ಮಾಡಿದವಳು ನಾನು. ಎಷ್ಟು ಲೀಟರ್ ಹಾಲಿನ ಪಾಪ ನನ್ನ ತಲೆಯ ಮೇಲಿದೆಯೋ ದೇವರೇ ಬಲ್ಲ.

ಇಷ್ಟೆಲ್ಲ ಸೂಕ್ಷ್ಮ ನೋಡುವ ಈ ಮನುಷ್ಯನ ಪಕ್ಕದಲ್ಲೇ ಕೂತು, ವರ್ಷಗಟ್ಟಲೆ ಪಾಠ ಹೇಳಿಸಿಕೊಂಡ ನಾನು, ಮನೆಯೊಳಗೆ ನಡೆಯುತ್ತಿದ್ದುದನ್ನು ಎಷ್ಟು ತಡವಾಗಿ ನೋಡಿದೆ ಎನ್ನುವುದು ಈಗ ಹೇಳಬೇಕಾದ ಮಾತು.

ಮೊದಲನೆಯದು ಅಕ್ಕನ ಡ್ರೈವಿಂಗ್. ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಅವಳು ಕಾರು ಕಲಿಯುತ್ತೇನೆಂದು ಹೊರಟಳು. ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಲೈಸೆನ್ಸ್ ತೆಗೆದುಕೊಂಡಳು. ಅಂದಿನಿಂದ ಭಾವನ ಕೈಗೆ ಸ್ಟಿಯರಿಂಗ್ ಕೊಟ್ಟವಳಲ್ಲ. ಇಲ್ಲಿ ಡ್ರೈವರ್ ಸೀಟು ಎಡಗಡೆ ತಾನೆ. ಭಾವ ಬಲಗಡೆ ಕೂತು, ದಾರಿಯುದ್ದಕ್ಕೂ ಅವಳ ಬ್ರೇಕಿಗೆ ಪ್ಲಸ್ಸು ಮೈನಸ್ಸು ಹಾಕುತ್ತಿದ್ದರು. "ಈ ವಯಸ್ಸಲ್ಲಿ ನಿನಗೆ ಯಾಕೇ ಈ ಶೋಕಿ?" ಎಂದು ನಾನು ಚುಡಾಯಿಸಿದ್ದೆ. ಅವಳು ನಕ್ಕಿದ್ದಳು, ಅಷ್ಟೆ.

ಇನ್ನೊಂದು ಸೋಫಾ. ಭಾವ ಆಟ ನೋಡುವಾಗ ಅಕ್ಕ ಅವರ ಎಡಗಡೆಯೇ ಕೂತು ತರಕಾರಿ ಹೆಚ್ಚುತ್ತಿದ್ದಳು. ಅಂಗಡಿಗೆ ಹೋದರೂ ಅವರ ಎಡಗಡೆಯೇ ನಡೆಯುತ್ತಿದ್ದಳು. ಬಲಗಡೆ ಜಾಗವಿದ್ದರೂ ಸುತ್ತಿಕೊಂಡು ಬಂದು ಎಡಕ್ಕೆ ಸೇರುತ್ತಿದ್ದಳು. ಮೂವತ್ತು ವರ್ಷದ ದಾಂಪತ್ಯ, ಅಭ್ಯಾಸ ಇರಬೇಕು ಅಂದುಕೊಂಡಿದ್ದೆ.

ಕಣ್ಣಿಗೆ ನಿಜವಾಗಿ ಚುಚ್ಚಿದ್ದು ಹೋದ ದೀಪಾವಳಿಯಲ್ಲಿ. ಕತಾರಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮ ಎಲ್ಲ ಹಬ್ಬಗಳೂ ಅವತ್ತೇ ಬರುತ್ತವೆ, ಪಂಚಾಂಗ ಏನಾದರೂ ಹೇಳಿಕೊಳ್ಳಲಿ. ಮಲಯಾಳಿಗಳ ಅಂಗಡಿಯಿಂದ ಬಾಳೆಲೆ ತಂದು, ನೆಲದ ಮೇಲೆ ಪಂಕ್ತಿ ಹಾಕಿ ಕೂತಿದ್ದೆವು. ಅಕ್ಕ ಬಡಿಸುತ್ತ ಬಂದಳು. ನಮ್ಮೆಲ್ಲರ ಎಲೆಯ ಎಡತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ. ಭಾವನ ಎಲೆಗೆ ಮಾತ್ರ ಎಲ್ಲವೂ ಬಲಗಡೆ! ಉಪ್ಪು ಎಡತುದಿಗೆ ಹಾಕಬೇಕೆಂಬುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ನಡೆಯಲು ಬರುವ ಮೊದಲೇ ಗೊತ್ತಿರುತ್ತದೆ. ತಪ್ಪಿದರೆ ಅಮ್ಮ ಸೌಟಿನಲ್ಲೇ ಕೊಡುತ್ತಿದ್ದಳು.

"ಅಕ್ಕಾ, ಉಪ್ಪು ಬಲಗಡೆಗಾ? ಅಮ್ಮ ನೋಡಿದ್ರೆ ಅಷ್ಟೆ!"

"ಸುಮ್ನೆ ಊಟ ಮಾಡೇ ಪುಟ್ಟಿ," ಎಂದಳು ಅಕ್ಕ. ದನಿಯಲ್ಲಿ ತಮಾಷೆ ಇರಲಿಲ್ಲ. ಭಾವ ಏನೂ ಗಮನಿಸದವರಂತೆ ಬಲಗಡೆಯ ಉಪ್ಪನ್ನು ಸಾರಿಗೆ ಬೆರೆಸಿಕೊಂಡರು.

ಎರಡು ವಾರ ಕಳೆದಿರಬೇಕು. ಮತ್ತೆ ಶುಕ್ರವಾರ, ಮತ್ತೆ ಐದು ಬೆನ್ನುಗಳು, ನನ್ನ ಕೈಯಲ್ಲಿ ಗೆರೆಪುಸ್ತಕ. ಅಕ್ಕ ಎಂದಿನಂತೆ ಎಡಗಡೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಆಟ ಶುರುವಾಯಿತು. ಎಡತುದಿಯ ದಡಿಯ ಒಂದು ಹೆಜ್ಜೆ ತಡಮಾಡಿದ. ಎದುರಿನವನು ಅವನನ್ನು ಸವರಿಕೊಂಡು ಹೋಗಿ ಕ್ವಾರ್ಟರ್‌ಬ್ಯಾಕನ್ನು ಹಿಂದಿನಿಂದ ಕೆಡವಿದ.

"ಎಡ ಪ್ಲಸ್," ಎಂದರು ಭಾವ. "ಎಸೆಯೋನು ಯಾಕೆ ಬಿದ್ದ? ಕಾಲು ಜಾರಿತಾ?"

ತಮಾಷೆ ಅಂದುಕೊಂಡೆ. "ಎಡಗಡೆಯವನು ಸೋತ ಭಾವ."

"ಇಲ್ಲಮ್ಮ." ಹಿಂದಕ್ಕೆ ತಿರುಗಿಸಿದರು. ಕಣ್ಣು ಮಧ್ಯದವನ ಬೆನ್ನಿನ ಮೇಲೆ. "ಸರಿಯಾಗೇ ಇದ್ದಾನೆ."

ಮೂರನೆಯ ಸಲ ನಾನು ಎದ್ದುಹೋಗಿ ಪರದೆಯ ಎಡ ಅಂಚಿಗೆ ಬೆರಳಿಟ್ಟೆ. "ಇಲ್ಲಿ ಭಾವ." ಅವರು ಕುತ್ತಿಗೆಯನ್ನೇ ಎಡಕ್ಕೆ ತಿರುಗಿಸಿ ನೋಡಿದರು. ಆಗ ಕಂಡಿತು. ಆಮೇಲೆ ಮೆಲ್ಲಗೆ, "ಹೌದು. ಮೈನಸ್," ಎಂದರು.

ನಾನು ಕೂತು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ನನ್ನದೇ ಅಕ್ಷರ. ಈ ಸೀಸನ್ ಪೂರ್ತಿ ಎಡಗಡೆಯ ಸಾಲಿನಲ್ಲಿ ಪ್ಲಸ್, ಪ್ಲಸ್, ಪ್ಲಸ್. ಹೋದ ಸೀಸನ್ನಿನಲ್ಲೂ ಹೆಚ್ಚುಕಡಿಮೆ ಅದೇ. ಒಂದು ತಪ್ಪನ್ನೂ ಮಾಡದ ಮನುಷ್ಯ ಭೂಮಿಯ ಮೇಲೆ ಇರುತ್ತಾನೆಯೇ? ಬರೆದವಳು ನಾನು, ನನಗೇ ಅನುಮಾನ ಬಂದಿರಲಿಲ್ಲ. ಭಾವ ಹೇಳಿದ ಮೇಲೆ ಮುಗಿಯಿತು ಎಂದು ಪರದೆ ನೋಡುವುದನ್ನೇ ಬಿಟ್ಟು ಬರೆಯುತ್ತಿದ್ದೆ. ತಲೆ ಎತ್ತಿದರೆ ಅಕ್ಕನ ಕೈಯಲ್ಲಿನ ಚಾಕು ನಿಂತಿತ್ತು. ಕಾರು, ಸೋಫಾ, ಉಪ್ಪು, ಎಲ್ಲವೂ ಒಟ್ಟಿಗೆ ನೆನಪಾದವು.

ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಎಷ್ಟು ದಿನದಿಂದ?"

"ಎರಡು ವರ್ಷ ಆಗ್ತಾ ಬಂತು ಕಣೇ. ಮೊದಲು ಬಾಗಿಲಿಗೆ ಎಡಗಡೆ ಭುಜ ತಾಗಿಸಿಕೊಳ್ತಿದ್ರು. ಆಮೇಲೆ ಎಡಗಡೆ ಇಟ್ಟ ಕಾಫಿ ಲೋಟ ಬೀಳಿಸೋದು. ಒಂದಿನ ರೌಂಡ್‌ಅಬೌಟಲ್ಲಿ ಎಡಗಡೆಯಿಂದ ಬಂದ ಲಾರಿನೇ ಕಾಣಲಿಲ್ಲ ಅವರಿಗೆ. ಅವತ್ತೇ ನಾನು ಕಾರು ಕಲೀಬೇಕು ಅಂದ್ಕೊಂಡೆ. ಕಣ್ಣು ತೋರಿಸ್ಕೊಳ್ಳಿ ಅಂದ್ರೆ ಸಿಡುಕ್ತಾರೆ. ವಯಸ್ಸು, ಅಷ್ಟೆ ಅಂತಾರೆ."

"ವಯಸ್ಸಾ! ಅಕ್ಕಾ, ಗೋಪುರ ಹತ್ತೋ ಮನುಷ್ಯ ಅವರು! ಅಲ್ಲಿ ಎಡಗಡೆ ಯಾರಿರ್ತಾರೆ?" ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದಿತ್ತು.

"ಬೆಳಗ್ಗೆ ಬಸ್ಸು ಹೊರಟಾಗಿನಿಂದ ಸಂಜೆ ಬಾಗಿಲು ತಟ್ಟೋವರೆಗೂ ನಾನು ಉಸಿರು ಬಿಗಿ ಹಿಡಿದೇ ಇರ್ತೀನಿ," ಎಂದಳು ಅಕ್ಕ. "ಕಂಪನಿಗೆ ಗೊತ್ತಾದ್ರೆ ಸೈಟಿಗೆ ಬಿಡಲ್ಲ. ಆ ಕೆಲಸ ಹೋದ್ರೆ ಇವರು ಇವರಾಗಿ ಉಳೀತಾರಾ ಹೇಳು."

ಇಬ್ಬರೂ ಹೊರಗೆ ಬಂದೆವು. ಅಕ್ಕ ತನ್ನ ಜಾಗದಲ್ಲಿ ಕೂತಳು. ಡಾಕ್ಟರ ಮಾತೆತ್ತಿದ ಕೂಡಲೇ ಭಾವ ಗದರಿದರು. "ಕಂಪನಿ ಮೆಡಿಕಲ್‌ನಲ್ಲಿ ಗೋಡೆ ಮೇಲಿನ ಅಕ್ಷರ ಕೊನೇ ಸಾಲಿನವರೆಗೂ ಓದಿದ್ದೀನಿ. ನನ್ನ ಕಣ್ಣಿಗೆ ಏನಾಗಿದೆ?"

ಅವರ ವಿದ್ಯೆಯನ್ನೇ ಅವರಿಗೆ ತಿರುಗಿಸಿದೆ. "ಸರಿ ಭಾವ. ಟೀವಿಯಲ್ಲಿ ಮಧ್ಯದವನ ಬೆನ್ನು ನೋಡಿ. ಅಲುಗಾಡಬೇಡಿ. ಈಗ ಹೇಳಿ, ನಿಮ್ಮ ಎಡಗಡೆ ಅಕ್ಕ ಏನು ಮಾಡ್ತಿದ್ದಾಳೆ?"

"ಇನ್ನೇನು ಮಾಡ್ತಾಳೆ, ಬೀನ್ಸ್ ಹೆಚ್ತಿದ್ದಾಳೆ."

ಅಕ್ಕ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಚಾಕುವಿನ ಸದ್ದು ಕೇಳಿಸದೆ ಭಾವ ನಿಧಾನವಾಗಿ ತಲೆ ತಿರುಗಿಸಿದರು. ಅವಳನ್ನು ನೋಡಿದರು. ರಿಮೋಟ್ ತೆಗೆದು ಟೀವಿ ಆಫ್ ಮಾಡಿದರು.

ಆಸ್ಪತ್ರೆಯಲ್ಲಿ ಒಂದು ಯಂತ್ರದೊಳಗೆ ತಲೆ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಭಾವ ಬಹಳ ಶ್ರದ್ಧೆಯಿಂದ ಒತ್ತಿದರು. ಹೊರಬಂದ ಹಾಳೆಯಲ್ಲಿ ಎರಡೂ ಕಣ್ಣಿಗೆ ಎಡಗಡೆ ಪೂರ್ತಿ ಕಪ್ಪು. ಗ್ಲಾಕೋಮಾ ಅಂದರು ಡಾಕ್ಟರಮ್ಮ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ನೋವೂ ಇಲ್ಲದೆ, ಗೊತ್ತೂ ಆಗದೆ ಅಂಚಿನ ನೋಟ ತಿಂದುಕೊಂಡು ಬಂದಿದೆ. ಹೋದದ್ದು ಬರುವುದಿಲ್ಲ. ಇನ್ನು ದಿನಾ ಹನಿ ಹಾಕಿಕೊಂಡು, ಬಿಡದೆ ತಪಾಸಣೆ ಮಾಡಿಸಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು. ಎಡಗಡೆ ಇರುವುದನ್ನು ನೋಡಲು ತಲೆ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ ಎಂದೂ ಹೇಳಿದರು.

ವಾಪಸು ಬರುವಾಗ ಅಕ್ಕ ಕಾರು ಓಡಿಸುತ್ತಿದ್ದಳು. ನಾನು ಹಿಂದೆ ಕೂತಿದ್ದೆ. ಅಲ್ ಖೋರ್ ದಾರಿ ನೆಟ್ಟಗೆ, ಎರಡೂ ಕಡೆ ಬರೀ ಮರಳು. ಅರ್ಧ ದಾರಿಯಲ್ಲಿ ಅಕ್ಕ ಬಾಯಿಬಿಟ್ಟಳು. "ನಾನೇ ಕಣ್ರೀ ಮುಚ್ಚಿಟ್ಟಿದ್ದು. ಎಲ್ಲ ಬಲಗಡೆಗೆ ಎತ್ತಿಟ್ಟು ಎತ್ತಿಟ್ಟು ನಿಮಗೆ ಗೊತ್ತಾಗದ ಹಾಗೆ ಮಾಡಿಬಿಟ್ಟೆ. ನಾಲ್ಕು ಸಲ ಮುಗ್ಗರಿಸಿದ್ರೆ ನೀವೇ ಡಾಕ್ಟ್ರ ಹತ್ರ ಹೋಗ್ತಿದ್ರಿ. ತಪ್ಪು ನಂದೇ."

ಹೌದು, ತಪ್ಪು ಅವಳದೂ ಇತ್ತು. ನನಗೂ ಹಾಗೇ ಅನ್ನಿಸಿತ್ತು. ಆದರೆ ತೀರ್ಪು ಕೊಡುವವರು ಮುಂದಿನ ಸೀಟಿನಲ್ಲಿ ಕೂತಿದ್ದರು.

"ತಡಿ," ಎಂದರು ಭಾವ. "ರಿವೈಂಡ್ ಮಾಡೋಣ."

ಅವರು ಕಿಟಕಿಯಾಚೆ ನೋಡುತ್ತಿದ್ದರು. ಎರಡು ವರ್ಷವನ್ನು ಹಿಂದಕ್ಕೆ ತಿರುಗಿಸಲು ಸ್ವಲ್ಪ ಹೊತ್ತು ಬೇಕಲ್ಲ.

"ಬಾಗಿಲಿಗೆ ಭುಜ ತಾಗಿದಾಗ ನನಗೆ ಗೊತ್ತಿತ್ತು. ಲಾರಿ ಬಂದಾಗಲೂ ಗೊತ್ತಿತ್ತು. ಗೋಪುರದ ಮೇಲೆ ಒಂದ್ಸಲ ಎಡಗಡೆಯ ಕಂಬಿ ಹಿಡಿಯೋಕೆ ಹೋಗಿ ಬರೀ ಗಾಳಿ ಸಿಕ್ತು. ಅದನ್ನ ನಿನಗೆ ಹೇಳಲೇ ಇಲ್ಲ ನಾನು." ಅಕ್ಕನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. "ಮೆಲ್ಲಗೆ, ಮೆಲ್ಲಗೆ. ನೀನು ನಿಂತ ಜಾಗದಲ್ಲಿ ಸರಿಯಾಗೇ ನಿಂತಿದ್ದೆ. ಬಾಲ್ ಕೈಯಲ್ಲಿ ಇಟ್ಕೊಂಡು, ಬಿಡದೆ, ಎರಡು ವರ್ಷ ನಿಂತವನು ನಾನು. ಮೈನಸ್ ನನಗೆ. ಖಲಾಸ್."

"ಮತ್ತೆ ನನಗೆ?" ಮೂಗು ಒರೆಸಿಕೊಳ್ಳುತ್ತ ಅಕ್ಕ ಕೇಳಿದಳು. ಹನ್ನೆರಡು ವರ್ಷದಲ್ಲಿ ಅಂಕ ಕೇಳಿದ್ದು ಅದೇ ಮೊದಲು.

"ನಿನಗೆ ಅಂಕ ಹಾಕೋ ಯೋಗ್ಯತೆ ನನಗಿಲ್ಲಮ್ಮ. ಈಗ ರಸ್ತೆ ನೋಡು."

ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಅವತ್ತು ಭಾವ ತಾವೇ ಕಂಪನಿಗೆ ಹೋಗಿ ವರದಿ ಕೊಟ್ಟರು, ತಮ್ಮ ಮೇಲೆ ತಾವೇ, ಬಿರುಕು ಎಲ್ಲಿಂದ ಶುರುವಾಯಿತು ಎಂಬುದೂ ಸೇರಿ. ಗೋಪುರ ಹತ್ತುವುದು ನಿಂತುಹೋಯಿತು. ಈಗ ಆಫೀಸಿನಲ್ಲಿ ಕೂತು ಬೇರೆಯವರು ತಂದ ಫೋಟೋಗಳನ್ನು ತಲೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕೆಲವು ವಾರ ಮನೆಯಲ್ಲಿ ಮಾತು ಕಡಿಮೆಯಿತ್ತು. ಶುಕ್ರವಾರಗಳಂದು ಟೀವಿ ಹಾಕಲಿಲ್ಲ. ಗೆರೆಪುಸ್ತಕ ಎಲ್ಲಿಟ್ಟರೋ ಕಾಣಲಿಲ್ಲ. ಸುಳ್ಳು ಯಾಕೆ, ಆ ಐದು ಬೆನ್ನುಗಳನ್ನು ನೋಡದೆ ನನಗೇ ಬೇಜಾರಾಗಿತ್ತು.

ಸಂಕ್ರಾಂತಿ, ಎಂದಿನಂತೆ, ಶುಕ್ರವಾರವೇ ಬಂತು. ನಾವು ಹೋದಾಗ ಒಳಗಿನಿಂದ ಟೀವಿಯ ಸದ್ದು ಕೇಳುತ್ತಿತ್ತು. ಬಾಗಿಲಲ್ಲೇ ನಿಂತೆ. ಭಾವ ಸೋಫಾದಲ್ಲಿ, ಎಡಗಡೆ ಅಕ್ಕ. ಎಳ್ಳುಬೆಲ್ಲದ ಡಬ್ಬಿ ಅವಳ ಮಡಿಲಲ್ಲಿ ಮುಚ್ಚಿಯೇ ಇತ್ತು. ಅವಳ ಕಣ್ಣು ಪರದೆಯ ಎಡ ಅಂಚಿಗೆ ನೆಟ್ಟಿತ್ತು.

"ಬಿದ್ದ ಬಿದ್ದ! ಎಡಗಡೆಯವನು ಹೋದ ರೀ! ಮೈನಸ್ ಹಾಕಿ ಅವನಿಗೆ, ಮುಂಡೇದು ನಿದ್ದೆ ಮಾಡ್ತಿದ್ದಾನೆ!"

"ಬೈಬಾರದು ಕಣೆ. ಅಂಕ ಅಷ್ಟೆ," ಎಂದು ಭಾವ ತಾವೇ ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಗುಮಾಸ್ತೆ ಕೆಲಸ ಅವತ್ತಿಗೆ ಹೋಯಿತು.

ಊಟಕ್ಕೆ ಎಲೆ ಹಾಕಿದೆವು. ಅಕ್ಕ ಉಪ್ಪಿನ ಬಟ್ಟಲು ಹಿಡಿದು ಬಂದು, ಭಾವನ ಎಲೆಯ ಬಲಗಡೆಗೆ ಕೈ ಚಾಚಿದಳು. ಭಾವ ಅಂಗೈ ಅಡ್ಡ ಹಿಡಿದರು.

"ಎಲ್ರಿಗೂ ಹಾಕೋ ಕಡೆಯೇ ಹಾಕು. ನಾನು ತಿರುಗಿ ನೋಡ್ತೀನಿ."

ಅಕ್ಕ ಒಂದು ಕ್ಷಣ ನಿಂತಳು. ಆಮೇಲೆ ಬಗ್ಗಿ ಎಡತುದಿಗೆ ಉಪ್ಪು ಬಡಿಸಿದಳು. ಪಲ್ಯ, ಕೋಸಂಬರಿ, ಪೊಂಗಲು, ಎಲ್ಲ ಬಡಿಸಿ ಮುಗಿಸಿ, ತಾನೂ ಎಲೆ ಹಾಕಿಕೊಂಡು ಅವರ ಪಕ್ಕ ಕೂತಳು. ಯಾವ ಪಕ್ಕ ಎಂದು ಕೇಳಬೇಡಿ. ಸಾರಿಗೆ ಉಪ್ಪು ಕಡಿಮೆಯಿತ್ತು. ಭಾವ ಡಾಕ್ಟರಮ್ಮ ಹೇಳಿಕೊಟ್ಟಂತೆ, ಪಾಠ ಒಪ್ಪಿಸುವ ವಿದ್ಯಾರ್ಥಿಯ ಹಾಗೆ, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ತಿರುಗಿಸಿದ್ದು ಸ್ವಲ್ಪ ಹೆಚ್ಚೇ ಆಯಿತು. ಉಪ್ಪಿಗೆ ಬದಲು ಅಕ್ಕನ ಮುಖ ಕಂಡಿತು.

"ಅರೆ! ನೀನು ಇಲ್ಲೇ ಇದ್ದೀಯಾ?"

"ಎರಡು ವರ್ಷದಿಂದ ಇಲ್ಲೇ ಇದೀನಿ ರೀ," ಎಂದಳು ಅಕ್ಕ. "ಸಾರು ಆರುತ್ತೆ, ಊಟ ಮಾಡಿ."